ಬಸ್ಸಿನ ಬೆನ್ನೆಲುಬು

ಪಟಾನ್‌ಚೆರುವಿನ ಹೆದ್ದಾರಿಯ ಬದಿಯಲ್ಲಿ ಬೆಳಗಿನ ಹೊತ್ತು ಚಹದ ಲೋಟ ಹಿಡಿದು ನಿಲ್ಲುವ ಅಭ್ಯಾಸವುಳ್ಳವರಿಗೆ ಒಂದು ನೋಟ ಪರಿಚಿತವಾಗಿರಬೇಕು. ಪಡುವಣ ದಿಕ್ಕಿನಿಂದ ಮೈಯಿಲ್ಲದ ಮೋಟಾರೊಂದು ಬರುತ್ತದೆ. ಎಂಜಿನು, ಗಾಲಿಗಳು, ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ಅಷ್ಟೆ. ಗೋಡೆಯಿಲ್ಲ, ಛಾವಣಿಯಿಲ್ಲ, ಕಿಟಕಿಯಿಲ್ಲ. ಹಲಗೆಯಂಥ ಸೀಟಿನ ಮೇಲೆ, ತಲೆಗೆ ಹೆಲ್ಮೆಟ್ಟು, ಮೂಗುಬಾಯಿಗೆ ವಸ್ತ್ರ ಸುತ್ತಿಕೊಂಡ ಚಾಲಕನೊಬ್ಬನು ಬಿಸಿಲುಗಾಳಿಗೆ ಮೈಯೊಡ್ಡಿ ಕುಳಿತಿರುತ್ತಾನೆ. ಎಲುಬುಗೂಡು ತಾನೇ ಎದ್ದು ನಡೆದು ಬಂದಂತೆ ಕಾಣುತ್ತದೆ. ಈಚೆಗೆ ಈ ನೋಟ ಕಡಮೆಯಾಗಿದೆಯಾದರೂ ಪೂರ್ತಿ ಮರೆಯಾಗಿಲ್ಲ.

ಇದೇ ಚಾಸಿ. ಓದಿದವರು ಷಾಸಿ ಎನ್ನುವರು. ಫ್ರೆಂಚರ ಮಾತು, ಚೌಕಟ್ಟು ಎಂದರ್ಥ. ಗ್ಯಾರೇಜಿನಲ್ಲಿ ಮಾತ್ರ ಚಾಸಿಯೇ ಸರಿ. ನಾವೂ ಗ್ಯಾರೇಜಿನ ಪಕ್ಷವನ್ನೇ ವಹಿಸಿದ್ದೇವೆ.

ಈ ದಾರಿ 65ನೆಯ ರಾಷ್ಟ್ರೀಯ ಹೆದ್ದಾರಿ. ಪುಣೆಯಲ್ಲಿ ಹೊರಟು, ಸೋಲಾಪುರ, ಉಮರ್ಗಾ ದಾಟಿ, ನಮ್ಮ ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದುಗಳ ಮಗ್ಗುಲಲ್ಲಿ ಹಾಯ್ದು, ಜಹೀರಾಬಾದು, ಪಟಾನ್‌ಚೆರುವಿನ ಮೇಲೆ ಹೈದರಾಬಾದಿಗೆ ಬಂದು, ಮುಂದೆ ಮಚಲೀಪಟ್ಟಣದ ಕಡಲಿಗೆ ಮುಟ್ಟುತ್ತದೆ. ಪುಣೆಯ ಪಿಂಪ್ರಿಯಲ್ಲಿ ಟಾಟಾ ಅವರ ಕಾರ್ಖಾನೆ ಇರುವುದರಿಂದ ಅಲ್ಲಿಯ ಚಾಸಿಗಳಿಗೆ ಇದು ತೌರಿನ ದಾರಿ. ನಮಗೂ ಹಾಗೆಯೇ ಅಲ್ಲವೆ? ಅವು ತೌರಿನಿಂದ ಬರುತ್ತವೆ, ನಾವು ತೌರಿಗೆ ಹೋಗುತ್ತೇವೆ.

ಈ ಸಂಚಿಕೆಯ ಅಂಕಣಕ್ಕೆ ಇಂಥ ಒಣ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಹೋದ ಚಳಿಗಾಲದಲ್ಲಿ ನಮ್ಮ ಸಂಘದ ಕುಟುಂಬಗಳು ಬಾಡಿಗೆ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಹೊರಟದ್ದು ಓದುಗರ ನೆನಪಿನಲ್ಲಿದೆ. ಬೆಳಗಿನ 6 ಗಂಟೆಗೆ ಹೊರಡಬೇಕಾಗಿದ್ದ ಬಸ್ಸು 11ಕ್ಕೆ ಹೊರಟಿತು. ಬುತ್ತಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ಗ್ಯಾರೇಜಿನ ಅಂಗಳದಲ್ಲೇ ಮುಗಿದವು. ಈ ಬಗ್ಗೆ ಆಕ್ಷೇಪಿಸಿ ಬಂದ ಮಾತುಗಳು ನಮ್ಮ ಕಿವಿಗೂ ಬಿದ್ದಿವೆ. ಅಂದು ಅಲ್ಲಿದ್ದ ನಾವು ನಡೆದುದನ್ನು ಬರೆಯುವುದು ನ್ಯಾಯ. ನಮ್ಮ ತಪ್ಪನ್ನೂ ಸೇರಿಸಿಯೇ ಬರೆಯುತ್ತೇವೆ.

ಬಸ್ಸು ಐದೂವರೆಗೇ ಬಂದು ನಿಂತಿತ್ತು. ಹೊಸ ಬಣ್ಣ, ಸೀಟಿಗೆ ಹೂವಿನ ಬಟ್ಟೆ, ಮುಂದಿನ ಗಾಜಿಗೆ ಮಾಲೆ. ಮಕ್ಕಳು ಆಗಲೇ ಕಿಟಕಿಗಾಗಿ ಜಗಳ ಹೂಡಿದ್ದವು. ನಮ್ಮ ಸದಸ್ಯರಲ್ಲೊಬ್ಬರು ಭಾಲ್ಕಿಯವರು. ಇಲ್ಲೇ ಲಾರಿಗಳ ರಿಪೇರಿಯ ಮೇಸ್ತ್ರಿ. ಅವರು ಬಸ್ಸನ್ನು ಹತ್ತಲಿಲ್ಲ. ಹಿಂದಕ್ಕೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಎಡಗಡೆಯ ಹಿಂಗಾಲಿಯ ಮೇಲಣ ಅಂಚಿನಿಂದ ನೆಲಕ್ಕೆ ಒಂದು ದಾರ ಹಿಡಿದು, ಅದೇ ದಾರವನ್ನು ಬಲಗಡೆಗೆ ಒಯ್ದು ಹಿಡಿದರು. ನಾಲ್ಕು ಬೆರಳಿನಷ್ಟು ವ್ಯತ್ಯಾಸ. ಒಗೆದ ಅಂಗಿಯನ್ನೂ ಲೆಕ್ಕಿಸದೆ ಬಸ್ಸಿನ ಕೆಳಗೆ ನುಸುಳಿ, ಕೈಯಲ್ಲಿ ಕೆಂಪು ತುಕ್ಕಿನ ಪುಡಿ ಹತ್ತಿಸಿಕೊಂಡು ಹೊರಬಂದರು.

“ಕಾಕಾ, ಈ ಗಾಡಿ ಹಿಂಗ ಹೋಗ್ಲಾಕ ಬರಂಗಿಲ್ಲ. ಕಮಾನು ಪಟ್ಟಿ ಮುರದಾದ.”

“ಎಷ್ಟು ಪಟ್ಟಿ?”

“ಒಂದು. ಮ್ಯಾಲಿಂದ ಮೂರನೇದು.”

ನಾವು ಅಂದ ಮಾತನ್ನು ಮರೆಮಾಚುವುದಿಲ್ಲ. “ಎಂಟರಲ್ಲಿ ಒಂದು ಹೋದರೆ ಏಳು ಉಳಿದವಲ್ಲಪ್ಪ! ನೂರೈವತ್ತು ಕಿಲೋಮೀಟರಿನ ಆಸುಪಾಸು, ಅದೂ ಒಳ್ಳೆಯ ದಾರಿ. ಸಾವಕಾಶ ಹೋದರಾಯಿತು” ಎಂದೆವು. ಬಸ್ಸಿನ ಮಾಲೀಕರ ಕಡೆಯವರು ದೂರವಾಣಿಯಲ್ಲಿ ಅದನ್ನೇ ಹೇಳಿದರು: ಹದಿನೈದು ದಿನದಿಂದ ಹಾಗೆಯೇ ಓಡುತ್ತಿದೆಯಂತೆ, ಏನೂ ಆಗಿಲ್ಲವಂತೆ. ಮೇಸ್ತ್ರಿ ವಾದಿಸಲಿಲ್ಲ. ಕೈ ಒರೆಸಿಕೊಳ್ಳುತ್ತ ಕೇಳಿದ್ದು ಒಂದೇ ಪ್ರಶ್ನೆ:

“ಮೊಮ್ಮಗಳು ಯಾವ ಸೀಟಿನಾಗ ಕೂಡ್ತಾಳ್ರಿ ಕಾಕಾ?”

ಬಸ್ಸು ಗ್ಯಾರೇಜಿಗೆ ಹೋಯಿತು.

ಅಂದಿನ ಐದು ಗಂಟೆಗಳಲ್ಲಿ ನಾವು ಕಲಿತದ್ದು ಬಹಳ. ಮನೆಗೆ ಬಂದು ಓದಿ ತಿಳಿದದ್ದನ್ನೂ ಕೂಡಿಸಿ ಹೇಳುತ್ತೇವೆ.

ಎತ್ತಿನ ಗಾಡಿಗೆ ಕಮಾನಿಲ್ಲ, ಟಾಂಗಾಕ್ಕೆ ಉಂಟು. ಎರಡರಲ್ಲೂ ಕುಳಿತ ಹಿರಿಯರಿಗೆ ಭೇದವನ್ನು ವಿವರಿಸಬೇಕಾಗಿಲ್ಲ. ಟಾಂಗಾದ ಆ ಕಮಾನೇ ದಪ್ಪನಾಗಿ ಬಸ್ಸಿಗೆ ಬಂದಿದೆ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು, ಉದ್ದವಾದದ್ದು ಮೇಲೆ, ಗಿಡ್ಡವಾದದ್ದು ಕೆಳಗೆ, ಹೀಗೆ ಪೇರಿಸಿ ನಡುವೆ ಒಂದು ಬೋಲ್ಟಿನಿಂದ ಬಿಗಿದಿರುತ್ತಾರೆ. ಏಕೆ ಇಷ್ಟು ಪಟ್ಟಿ? ಅಷ್ಟೇ ದಪ್ಪದ ಒಂದೇ ತುಂಡನ್ನು ಹಾಕಬಾರದೆ ಎಂದು ನಾವು ಕೇಳಿದೆವು. ಉತ್ತರ ಸೊಗಸಾಗಿದೆ. ಪಟ್ಟಿಯ ದಪ್ಪ ಇಮ್ಮಡಿಯಾದರೆ ಅದರ ಬಿಗುವು ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ ಎಂಟು ಪಟ್ಟಿಗಳಷ್ಟು ದಪ್ಪದ ಒಂದೇ ತುಂಡು, ಬಿಡಿಬಿಡಿಯಾದ ಎಂಟು ಪಟ್ಟಿಗಳ ಕಟ್ಟಿಗಿಂತ 64 ಪಟ್ಟು ಬಿಗಿ. ಬಲವೇನೋ ಹೆಚ್ಚುತ್ತದೆ, ಆದರೆ ಎಂಟು ಪಟ್ಟು ಮಾತ್ರ. ಅಂದರೆ ಅದು ಬಾಗುವುದನ್ನೇ ಮರೆತ ಕಮಾನು. ಹಳ್ಳದ ಪೆಟ್ಟನ್ನೆಲ್ಲ ಸೀದಾ ಮೇಲಕ್ಕೆ ದಾಟಿಸುತ್ತದೆ. ಬಿಡಿ ಪಟ್ಟಿಗಳು ಒಂದರ ಮೇಲೊಂದು ಜಾರುತ್ತ ಬಾಗುತ್ತವೆ. ಆ ಜಾರಾಟದ ಉಜ್ಜಿನಲ್ಲಿ ಕುಣಿತವೂ ಸ್ವಲ್ಪ ಅಡಗುತ್ತದೆ.

ಗಾಲಿಯ ಅಚ್ಚನ್ನು ಅದರ ಜಾಗದಲ್ಲಿ ಹಿಡಿದಿರುವುದೂ ಇದೇ ಕಮಾನು. ಇದನ್ನು ನಾವು ಅಂದಿನವರೆಗೆ ಅರಿತಿರಲಿಲ್ಲ. ಮೇಲಣ ಪಟ್ಟಿಯ ಎರಡು ತುದಿಗಳನ್ನು ಕಣ್ಣಿನಂತೆ ಸುತ್ತಿ ಚಾಸಿಗೆ ಸಿಕ್ಕಿಸಿರುತ್ತಾರೆ. ಒಂದು ತುದಿ ಗಟ್ಟಿ. ಇನ್ನೊಂದು ತುದಿ ಶಾಕಲ್ ಎಂಬ ತೂಗುಕೊಂಡಿಯಲ್ಲಿ ಆಡುತ್ತಿರುತ್ತದೆ, ಏಕೆಂದರೆ ಬಿಲ್ಲು ಚಪ್ಪಟೆಯಾದಾಗ ಅದರ ಉದ್ದ ಬೆಳೆಯಬೇಕಷ್ಟೆ. ಬ್ರೇಕು ಹಾಕಿದಾಗ ಅಚ್ಚು ಹಿಂದಕ್ಕೆ ಎಳೆಯುತ್ತದೆ, ಎಂಜಿನು ದೂಡಿದಾಗ ಮುಂದಕ್ಕೆ; ಎರಡನ್ನೂ ತಾಳಿಕೊಳ್ಳುವುದು ಆ ಪಟ್ಟಿ. ಅದು ಕಣ್ಣಿನ ಬಳಿ ಮುರಿದರೆ ಆ ಬದಿಯ ಗಾಲಿ ಹಿಂದಕ್ಕೆ ಸರಿದು, ಇಡೀ ಅಚ್ಚು ಓರೆಯಾಗಿ, ಬಸ್ಸು ಒಂದು ಕಡೆಗೆ ಮುಖವಿಟ್ಟು ಇನ್ನೊಂದು ಕಡೆಗೆ ಓಡುತ್ತದೆ. ಇದಕ್ಕೆಂದೇ ಹಲವು ಕಮಾನುಗಳಲ್ಲಿ ಎರಡನೆಯ ಪಟ್ಟಿಯನ್ನು ಮೊದಲನೆಯದರ ಕಣ್ಣಿನ ಸುತ್ತ ಹೊರಗಿನಿಂದ ಸುತ್ತಿರುತ್ತಾರೆ: ಅಣ್ಣ ಬಿದ್ದರೆ ತಮ್ಮ ಹಿಡಿದುಕೊಳ್ಳಲಿ ಎಂದು.

ಹಾಗಾದರೆ ಮೂರನೆಯದು ಮುರಿದರೇನು? ಇಲ್ಲೇ ನಮ್ಮ ಲೆಕ್ಕ ತಪ್ಪಿದ್ದು. ಎಂಟು ಜನ ಹೊತ್ತ ಹೊರೆಯನ್ನು ಏಳು ಜನ ಹೊತ್ತರೆ ಒಬ್ಬೊಬ್ಬರಿಗೆ ಏಳನೆಯ ಒಂದು ಪಾಲು ಹೆಚ್ಚು, ನೂರಕ್ಕೆ 14ರಷ್ಟು. ಇದೇನು ಮಹಾ ಎನ್ನಿಸುತ್ತದೆ. ಆದರೆ ಉಕ್ಕಿಗೂ ದಣಿವುಂಟು. ಒಂದೇ ಸಲ ಮುರಿಯದ ಭಾರಕ್ಕೆ ಲಕ್ಷ ಸಲ ಬಾಗಿ ಅದು ಮುರಿಯುತ್ತದೆ. ರೈಲುಗಾಡಿಗಳ ಅಚ್ಚುಗಳು ಕಾರಣವಿಲ್ಲದೆ ಮುರಿಯುತ್ತಿದ್ದ 19ನೆಯ ಶತಮಾನದಲ್ಲಿ ಪ್ರಷ್ಯದ ಔಗುಸ್ಟ್ ವೋಲರ್ ಎಂಬ ರೈಲ್ವೆ ಎಂಜಿನಿಯರರು ವರ್ಷಗಟ್ಟಲೆ ಪರೀಕ್ಷೆ ಮಾಡಿ ಈ ಸಂಗತಿಯನ್ನು ಪಟ್ಟಿಗಿಳಿಸಿದರು. ಭಾರ ಏಳನೆಯ ಒಂದು ಪಾಲು ಏರಿದರೆ ಆಯುಸ್ಸು ಏಳನೆಯ ಒಂದು ಪಾಲು ಇಳಿಯುವುದಿಲ್ಲ. ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯಬಹುದು. ಹದಿನೈದು ದಿನ ಓಡಿತೆಂಬುದು ಹದಿನಾರನೆಯ ದಿನಕ್ಕೆ ಹೊಣೆಯಲ್ಲ. (ದಾರಿಗಳಿಗೂ ಇಂಥದೇ ಲೆಕ್ಕ. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರವರೆಗೆ ಲಾರಿ ಓಡಿಸಿ ಮಾಡಿದ ದೊಡ್ಡ ಪರೀಕ್ಷೆಯಿಂದ ಹೊರಟ ಸೂತ್ರದ ಪ್ರಕಾರ, ಅಚ್ಚಿನ ಮೇಲೆ ನೂರಕ್ಕೆ ಹತ್ತು ಭಾರ ಹೆಚ್ಚಾದರೆ ರಸ್ತೆಯ ಸವೆತ ನೂರಕ್ಕೆ 46ರಷ್ಟು ಹೆಚ್ಚುತ್ತದೆ. ನಮ್ಮ ದೇಶದಲ್ಲಿ 2018ರಲ್ಲಿ ನಾಲ್ಕು ಟೈರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿದ್ದಾರೆ. ಪಟಾನ್‌ಚೆರುವಿನ ಕಾರ್ಖಾನೆಗಳ ಬೀದಿಗಳಲ್ಲಿ ಓಡಾಡುವವರು ಉಳಿದದ್ದನ್ನು ಊಹಿಸಿಕೊಳ್ಳಬಹುದು.)

ಬಸ್ಸಿನ ಚಾಲಕ ಒಳ್ಳೆಯವನೇ. “ವೆಲ್ಡಿಂಗ್ ಹೊಡೆಸಿದರೆ ಅರ್ಧ ಗಂಟೆ ಕೆಲಸ” ಎಂದು ಉಪಾಯ ಹೇಳಿದನು. ಮೇಸ್ತ್ರಿ ತಲೆಯಾಡಿಸಿದರು. ಕಮಾನಿನ ಉಕ್ಕಿಗೆ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಬಿಸಿಮಾಡಿ ಆ ಗುಣ ತಂದಿರುತ್ತಾರೆ. ಬೆಸುಗೆಯ ಉರಿ ತಾಗಿದ ಕಡೆ ಆ ಹದ ಕೆಟ್ಟು, ಪಕ್ಕದಲ್ಲೇ ಗಾಜಿನಂತೆ ಪೆಡಸಾಗುತ್ತದೆ. ಚಕ್ಕುಲಿಯ ಹಿಟ್ಟು ಒಮ್ಮೆ ಎಣ್ಣೆಗೆ ಬಿದ್ದು ಗರಿಯಾದ ಮೇಲೆ ಮುರುಕನ್ನು ಅಂಟಿಸಲು ಬರುವುದೆ, ಎಂದು ನಮ್ಮ ಮನೆಯವರು ಹಿಂದಿನಿಂದ ಅಂದರು. ಮೇಸ್ತ್ರಿಗೆ ಆ ಉಪಮೆ ಬಹಳ ಹಿಡಿಸಿತು.

ಹೊಸ ಪಟ್ಟಿ ತರಲು ಹುಡುಗ ಹೋದಾಗ ನಾವು ಬಗ್ಗಿ ಬಸ್ಸಿನ ಬೆನ್ನೆಲುಬನ್ನು ನೋಡಿದೆವು. ಮುಂದಿನಿಂದ ಹಿಂದಿನವರೆಗೆ ಎರಡು ತೊಲೆ, ನಡುನಡುವೆ ಅಡ್ಡತೊಲೆ: ಮಲಗಿಸಿದ ಏಣಿಯೇ. ತೊಲೆ ಎಂದರೆ ತುಂಬಿದ ಉಕ್ಕಲ್ಲ. ಉದ್ದನೆಯ ಪೆಟ್ಟಿಗೆಯ ಒಂದು ಮಗ್ಗುಲನ್ನು ತೆಗೆದಂತೆ ಮಡಿಸಿದ ತಗಡು. ಮಕ್ಕಳ ಫುಟ್‌ಪಟ್ಟಿಯನ್ನು ಚಪ್ಪಟೆಯಾಗಿ ಹಿಡಿದು ಬಗ್ಗಿಸಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಿ ನೋಡಿರಿ. ಮೂರು ಸೆಂಟಿಮೀಟರು ಅಗಲ, ಮೂರು ಮಿಲಿಮೀಟರು ದಪ್ಪದ ಪಟ್ಟಿ ಅಂಚಿನ ಮೇಲೆ ನಿಂತಾಗ ನೂರು ಪಟ್ಟು ಬಿಗಿ. ತೊಲೆಯನ್ನು ಎತ್ತರಕ್ಕೆ ನಿಲ್ಲಿಸಿರುವ ರಹಸ್ಯ ಇದೇ. ಭಾರ ಬಿದ್ದಾಗ ಮೇಲಂಚು ಅದುಮಿಸಿಕೊಳ್ಳುತ್ತದೆ, ಕೆಳಂಚು ಎಳೆಸಿಕೊಳ್ಳುತ್ತದೆ, ನಟ್ಟನಡುವಿನ ಗೆರೆಗೆ ಆ ಬಾಗಿನ ಗೋಜು ಹೆಚ್ಚಿಲ್ಲ. ಆದುದರಿಂದ ಮೈ ಕಟ್ಟುವವರು ತೂತು ಕೊರೆಯಲೇಬೇಕಾದರೆ ನಿಂತ ಗೋಡೆಯಲ್ಲಿ, ತಯಾರಕರು ತೋರಿಸಿದ ಕಡೆ ಮಾತ್ರ ಕೊರೆಯತಕ್ಕದ್ದು. ಮೇಲಣ ಕೆಳಗಣ ಅಂಚುಗಳನ್ನು ಮುಟ್ಟಲಾಗದು, ಬೆಸುಗೆಯನ್ನಂತೂ ಹಾಕಲಾಗದು. ಒಂದು ಚಿಕ್ಕ ತೂತಿನ ಮಗ್ಗುಲಲ್ಲಿ ಒತ್ತಡ ಸುಮಾರು ಮೂರು ಪಟ್ಟಾಗುತ್ತದೆ. ಬಿರುಕು ಹುಟ್ಟುವುದು ಅಲ್ಲೇ.

ಇನ್ನೊಂದು ಬೆರಗು. ಆ ನಾಲ್ಕನೆಯ ಮಗ್ಗುಲನ್ನು ಮುಚ್ಚಿ ಪೆಟ್ಟಿಗೆ ಮಾಡಿದರೆ ತೊಲೆ ತಿರುಚುವುದೇ ಇಲ್ಲವಲ್ಲ, ಏಕೆ ಮುಚ್ಚುವುದಿಲ್ಲ? ಬೇಕೆಂದೇ! ಒಂದು ಗಾಲಿ ಗುಂಡಿಗೆ ಇಳಿದಾಗ ಏಣಿ ಸ್ವಲ್ಪ ತಿರುಚಿಕೊಂಡರೆ ಉಳಿದ ಮೂರು ಮೂಲೆಗಳು ನೆಲವನ್ನು ಬಿಡುವುದಿಲ್ಲ. ಗಡುಸಾದ ಚೌಕಟ್ಟು ಕುಂಟು ಕಾಲಿನ ಮೇಜಿನಂತೆ ಗಾಲಿಯನ್ನು ಗಾಳಿಯಲ್ಲಿ ಎತ್ತಿಬಿಡುವುದು. ನಮ್ಮ ಹಳ್ಳಿದಾರಿಗಳಿಗೆ ಈ ಬಗ್ಗುವ ಏಣಿ ಒಗ್ಗಿ ಬಂದಿದೆ. ಆದರೆ ಅದರ ಮೇಲೆ ಕಟ್ಟಿದ ಗಾಜು, ತಗಡು, ಬಾಗಿಲುಗಳಿಗೆ ತಿರುಚುವ ಸ್ವಭಾವವಿಲ್ಲ. ಹಳೆಯ ಬಸ್ಸಿನ ಕಿರುಗುಟ್ಟುವ ಸಂಗೀತವೆಲ್ಲ ಈ ಸೊಸೆ-ಅತ್ತೆಯರ ವ್ಯಾಜ್ಯ.

ಇದರ ಚರಿತ್ರೆಯನ್ನು ತುಸು ಹೇಳಿಬಿಡುತ್ತೇವೆ. ನಿಜಾಮರ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 1932ರಲ್ಲಿ 27 ಬಸ್ಸು, 166 ನೌಕರರೊಡನೆ ಆರಂಭವಾಯಿತು. ಆಗ ಬೀದರ, ಕಲಬುರಗಿ, ರಾಯಚೂರಿನವರು ಆ ಸಂಸ್ಥಾನದ ಪ್ರಜೆಗಳೇ. ಜಹೀರಾಬಾದು 1956ರವರೆಗೆ ಬೀದರ ಜಿಲ್ಲೆಯಲ್ಲೇ ಇತ್ತು. ಆ ಕಾಲದ ಆಲ್ಬಿಯನ್ ಬಸ್ಸುಗಳ ಚಾಸಿ ಸ್ಕಾಟ್ಲೆಂಡಿನದು. ಆಲ್ಬಿಯನ್ ಕಂಪೆನಿಯನ್ನು 1951ರಲ್ಲಿ ಲೇಲ್ಯಾಂಡ್ ಕೊಂಡಿತು. ಅದೇ ಲೇಲ್ಯಾಂಡಿನ ನಂಟಿನಿಂದ 1955ರಲ್ಲಿ ಅಶೋಕ್ ಲೇಲ್ಯಾಂಡ್ ಎಂಬ ಹೆಸರು ಹುಟ್ಟಿತು. ಅದರ ಒಂದು ದೊಡ್ಡ ಕಾರ್ಖಾನೆ 1980ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿಗೆ ಬಂದಿತು. ಮೈಸೂರಿನಲ್ಲಿ ಸರಕಾರದ ಬಸ್ಸು 1948ರಲ್ಲಿ 120 ವಾಹನಗಳಿಂದ ಶುರುವಾಗಿ 1961ರಲ್ಲಿ ನಿಗಮವಾಯಿತು. ಈ ಪಟ್ಟಣದಿಂದ ನಮ್ಮನ್ನು ಬೀದರಕ್ಕೆ ಒಯ್ಯುವ ಈಶಾನ್ಯ ನಿಗಮ 2000ದಲ್ಲಿ ಬೇರೆಯಾಯಿತು. 2021ರಿಂದ ಅದರ ಹೆಸರು ಕಲ್ಯಾಣ ಕರ್ನಾಟಕ ನಿಗಮ.

ಇಷ್ಟು ಕಾಲವೂ ನಡೆದುಬಂದ ಪದ್ಧತಿ, ಚಾಸಿ ಒಬ್ಬರದು, ಮೈ ಇನ್ನೊಬ್ಬರದು. ನಮಗೆ ಆತಂಕವಿರುವುದು ಈ ಎರಡರ ನಡುವಿನ ಸಂಧಿಯಲ್ಲಿ. ಚಾಸಿಯ ಎಂಜಿನಿಯರರು ಇಷ್ಟು ಭಾರ, ಇಷ್ಟು ಎತ್ತರ ಎಂದು ಎಣಿಸಿ ತೊಲೆಯನ್ನೂ ಕಮಾನನ್ನೂ ಕೊಡುವರು. ಅದರ ಮೇಲೆ ಕೂರುವ ಬಸ್ಸು ಕಟ್ಟಿ, ಕೆಲವು ವರ್ಷದ ಮೇಲೆ ಸೀಟು ಕಿತ್ತು, ಮೇಲೊಂದು ಕೆಳಗೊಂದು ಮಂಚ ಹಾಕಿ ಮಲಗುವ ಬಸ್ಸು ಮಾಡಿದರೆ ಆ ಎಣಿಕೆಯೆಲ್ಲ ಬುಡಮೇಲು. ಸೊಂಟದ ಮೇಲಣ ಕೊಡಕ್ಕೂ ತಲೆಯ ಮೇಲಣ ಕೊಡಕ್ಕೂ ತಿರುವಿನಲ್ಲಿ ಏನು ಅಂತರವೆಂಬುದು ನೀರು ಹೊತ್ತವರಿಗೆ ಗೊತ್ತು. ಅದಲ್ಲದೆ ಕಿರಿದಾದ ಓಣಿ, ಮುಚ್ಚಿಹೋದ ಕಿಟಕಿ.

ಡೀಸೆಲ್ ತೊಟ್ಟಿಯ ವಿಷಯವೂ ಅಷ್ಟೆ. ಅದನ್ನು ಸಾಮಾನ್ಯವಾಗಿ ಚಾಸಿಯ ತೊಲೆಯ ಹೊರಮಗ್ಗುಲಿಗೆ ತೂಗುಹಾಕುವರು, ಏಕೆಂದರೆ ಜಾಗ ಇರುವುದೇ ಅಲ್ಲಿ. 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಬರುತ್ತಿದ್ದ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಯ ಕಟ್ಟೆಗೆ ಬಡಿದು, ತೊಟ್ಟಿ ಒಡೆದು ಬೆಂಕಿ ಹತ್ತಿ 45 ಮಂದಿ ಸುಟ್ಟುಹೋದರು. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟ ಬಸ್ಸು ಕರ್ನೂಲಿನ ಬಳಿ ಮೋಟಾರ್ ಸೈಕಲ್ ಒಂದಕ್ಕೆ ಡಿಕ್ಕಿಯಾಗಿ ಅದನ್ನು ಅಡಿಯಲ್ಲಿ ಎಳೆದೊಯ್ದು, ಕಿಡಿ ಹಾರಿ 19 ಪ್ರಯಾಣಿಕರು ತೀರಿಕೊಂಡರು. ಆ ಬಸ್ಸು ಸೀಟಿನದೆಂದು ಮೊದಲು ನೋಂದಣಿಯಾಗಿ ಆಮೇಲೆ ಮಲಗುವ ಬಸ್ಸಾಗಿತ್ತೆಂದು ಪತ್ರಿಕೆಗಳು ಬರೆದವು. ಎರಡೂ ನಮ್ಮ ದಾರಿಗಳೇ, ನಮ್ಮ ಹೊತ್ತೇ. ಬಸ್ಸಿನ ಮೈಗೆ ಎಐಎಸ್-052 ಎಂದೂ ಮಲಗುವ ಬಸ್ಸಿಗೆ ಎಐಎಸ್-119 ಎಂದೂ ನಿಯಮಗಳುಂಟು. ತುರ್ತು ಬಾಗಿಲು, ಗಾಜು ಒಡೆಯುವ ಸುತ್ತಿಗೆ ಎಲ್ಲವನ್ನೂ ಹೇಳಿದೆ. ಹತ್ತಿದ ಕೂಡಲೆ ಸುತ್ತಿಗೆ ಎಲ್ಲಿದೆಯೆಂದು ಕೇಳಲು ನಾಚಿಕೆ ಬೇಡ. ಪರದೆಯ ಹಿಂದೆ ಮಂಚವೊಂದು ತುರ್ತು ಬಾಗಿಲಿಗೆ ಅಡ್ಡವಾಗಿದ್ದರೆ ಇಳಿದುಬಿಡಿರಿ. ಟಿಕೇಟಿನ ಹಣ ಹೋದರೆ ಹೋಗಲಿ.

ಸೀಟಿನ ಮಾತೂ ಒಂದು ಬಾಕಿ ಇದೆ, ಮೇಸ್ತ್ರಿ ಕೇಳಿದ್ದು ಅದನ್ನೇ ತಾನೆ. ನಮ್ಮ ಸಾಮಾನ್ಯ ಬಸ್ಸಿನಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಸುಮಾರು 5.6 ಮೀಟರು ಅಂತರ. ಹಿಂದಿನ ಅಚ್ಚಿನಿಂದಾಚೆಗೆ ಚಾಚಿದ ಭಾಗ ಆ ಅಂತರದ ನೂರಕ್ಕೆ 60ನ್ನು ಮೀರಬಾರದೆಂದು ಕಾನೂನು. ಹಿಂದಿನ ಗಾಲಿ ಉಬ್ಬನ್ನು ಹತ್ತಿ ಅಲ್ಲಿ ಬಸ್ಸಿನ ಮೈ 10 ಸೆಂಟಿಮೀಟರು ಏರಿತೆನ್ನಿ. ಎರಡು ಅಚ್ಚುಗಳ ನಡುಮಧ್ಯದಲ್ಲಿ ಕುಳಿತವರು 5 ಸೆಂಟಿಮೀಟರು ಏಳುವರು. ಹಿಂದಿನ ಅಚ್ಚಿನಿಂದ ಎರಡೂವರೆ ಮೀಟರು ಹಿಂದೆ ಕುಳಿತವರು ಹದಿನಾಲ್ಕನ್ನೂ ಮೀರಿ ಏಳುವರು. ಗರ್ಭಿಣಿಯರನ್ನೂ ಬೆನ್ನುನೋವಿನ ಹಿರಿಯರನ್ನೂ ಕಡೆಯ ಸಾಲಿಗೆ ಕಳಿಸುವುದು ಪಾಪ. ಹುಡುಗರು ಅದನ್ನೇ ಬಯಸುವರು, ಅವರಿಗೇ ಬಿಡಿ. ಬಸ್ಸು ಅರೆಖಾಲಿಯಿದ್ದಾಗ ಕುಲುಕಾಟ ಹೆಚ್ಚೆಂಬುದನ್ನೂ ನೀವು ಕಂಡಿರಬಹುದು. ತುಂಬಿದ ಭಾರಕ್ಕೆಂದು ಮಾಡಿದ ಕಮಾನು ಕಡಮೆ ಭಾರಕ್ಕೆ ಬಾಗಲೊಲ್ಲದು. ಭಾರಕ್ಕೆ 25 ಸೆಂಟಿಮೀಟರು ತಗ್ಗುವ ಕಮಾನಿನ ಮೇಲೆ ಮೈ ನಿಮಿಷಕ್ಕೆ 60 ಸಲ ತೂಗುತ್ತದೆ, ತೊಟ್ಟಿಲಿನಂತೆ. ಆರೇ ಸೆಂಟಿಮೀಟರು ತಗ್ಗಿದರೆ 120 ಸಲ. ಹೊಸಕೋಟೆಯಿಂದ 2001ರ ಹೊತ್ತಿಗೆ ಹೊರಬಂದ ವೋಲ್ವೋ ಬಸ್ಸುಗಳಲ್ಲಿ ಪಟ್ಟಿಯ ಬದಲು ಗಾಳಿಯ ಚೀಲವಿಟ್ಟದ್ದು ಇದಕ್ಕೇ: ಜನ ಹೆಚ್ಚಾದರೆ ಗಾಳಿ ತುಂಬುತ್ತದೆ, ಇಳಿದರೆ ಬಿಡುತ್ತದೆ.

ಗ್ಯಾರೇಜಿಗೆ ಮರಳೋಣ. ಹತ್ತು ಗಂಟೆಗೆ ಹಳೆಯ ಕಮಾನನ್ನು ಬಿಚ್ಚಿ ನೆಲಕ್ಕೆ ಹಾಕಿದರು. ಮೂರನೆಯ ಪಟ್ಟಿ ನಡುಬೋಲ್ಟಿನ ತೂತಿನಲ್ಲಿ ಎರಡಾಗಿತ್ತು. ಮೇಸ್ತ್ರಿ ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಅದರ ಮುಕ್ಕಾಲು ಪಾಲು ಕಪ್ಪು, ನಯ. ಕಡಲ ದಂಡೆಯ ಮೇಲೆ ಅಲೆ ಬಿಟ್ಟುಹೋದ ಗೆರೆಗಳಂತೆ ಒಂದರ ಹಿಂದೊಂದು ಕಮಾನು ಗೆರೆಗಳು. ಉಳಿದ ಕಾಲು ಪಾಲು ಮುರಿದ ಕಲ್ಲುಸಕ್ಕರೆಯಂತೆ ಹರಳು ಹರಳು. ಕಪ್ಪು ಭಾಗ ದಿನದಿನಕ್ಕೂ ಸ್ವಲ್ಪ ಸ್ವಲ್ಪವಾಗಿ ಹಬ್ಬಿದ ಬಿರುಕು. ಹರಳಿನದು ಕೊನೆಯ ಪೆಟ್ಟು. ಆಮೇಲೆ ಅವರು ನಾಲ್ಕನೆಯ ಪಟ್ಟಿಯನ್ನು ಸೀಮೆಎಣ್ಣೆಯಿಂದ ಒರೆಸಿ, ಸುಣ್ಣದ ಪುಡಿ ಸವರಿದರು. ಸ್ವಲ್ಪ ಹೊತ್ತಿಗೆ ಅದೇ ತೂತಿನ ಬದಿಯಲ್ಲಿ ಕೂದಲೆಳೆಯಂಥ ಗೆರೆಯೊಂದು ಬಿಳಿಯ ಮೇಲೆ ಒದ್ದೆಯಾಗಿ ಮೂಡಿತು.

“ಏಳು ಅಂದ್ರಲ್ಲ ಕಾಕಾ, ಆರು ಇದ್ದೂ” ಎಂದರು.

ಎರಡು ಪಟ್ಟಿಗಳೂ ಹೊಸವಾದವು. ಯು-ಬೋಲ್ಟುಗಳನ್ನು ಬಿಗಿದು, ಐವತ್ತು ಕಿಲೋಮೀಟರು ಓಡಿದ ಮೇಲೆ ಮತ್ತೆ ಬಿಗಿಯಬೇಕೆಂದು ಸ್ಪ್ಯಾನರನ್ನು ತಮ್ಮ ಸೀಟಿನ ಕೆಳಗೇ ಇಟ್ಟುಕೊಂಡರು. ಜಹೀರಾಬಾದಿಗೆ ಮುಂಚೆ ಚಹಕ್ಕೆಂದು ನಿಲ್ಲಿಸಿದಾಗ ಬಿಗಿದದ್ದೂ ಆಯಿತು. ಹುಮನಾಬಾದಿನ ಹತ್ತಿರ ನಮ್ಮ ಮೊಮ್ಮಗಳು ಕಡೆಯ ಸಾಲಿನಿಂದ ಎದ್ದು ಬಂದು ಮೇಸ್ತ್ರಿಯ ತೊಡೆಯ ಮೇಲೆ ನಿದ್ದೆಹೋದಳು. ಅವರು ಕಾಲು ಜೋಮು ಹಿಡಿದರೂ ಬಸವಕಲ್ಯಾಣದವರೆಗೆ ಕದಲಲಿಲ್ಲ.

ಮುರಿದ ತುಂಡು ಸಂಘದ ಕೋಣೆಯ ಕಿಟಕಿಯ ಮೇಲಿದೆ. ತಡವಾಯಿತೆಂದು ಇನ್ನೂ ಮುನಿದಿರುವವರು ಯಾವ ಭಾನುವಾರ ಬಂದರೂ ನೋಡಬಹುದು.